ಗೆರಸೆಯೂ ಲ್ಯಾಪ್‌ಟಾಪೂ

ಪುತ್ತೂರು ತಾಲೂಕಿನ ಒಂದು ಹಂಚಿನ ಮನೆ. ಮಾತಾಡುವವರಲ್ಲಿ ಒಬ್ಬರು ಮೂವತ್ತು ವರ್ಷಕ್ಕೂ ಮಿಕ್ಕಿ ಬೀಡಿ ಕಟ್ಟಿದವರು. ಇನ್ನೊಬ್ಬಳು ಅವರ ಅಕ್ಕನ ಮಗಳು; ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸವನ್ನು ಈ ಮನೆಯ ಚಾವಡಿ ಪಕ್ಕದ ಕೋಣೆಯಲ್ಲಿ ಕೂತು ಮಾಡುತ್ತಾಳೆ. ಮಧ್ಯಾಹ್ನದ ಊಟ ಮುಗಿದಿದೆ. ಕರೆಂಟ್ ಹೋಗಿದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗಿದೆ. ಇಲ್ಲದಿದ್ದರೆ ಇಷ್ಟು ಮಾತಿಗೆ ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಚಿಕ್ಕಮ್ಮ: ಒಂಬತ್ತಕ್ಕೆ ಅದರ ಮುಂದೆ ಕೂತವಳು. ಈಗ ಎರಡೂವರೆ. ಇಷ್ಟರವರೆಗೆ ಎಂತ ಆಯ್ತು?

ಮಗಳು: ಮೀಟಿಂಗ್ ಆಯ್ತು. ಬಂದ ಮೇಲ್‌ಗಳಿಗೆ ಉತ್ತರ ಬರೆದೆ.

ಚಿಕ್ಕಮ್ಮ: ಅದನ್ನು ಕೇಳಿದ್ದಲ್ಲ. ಕೆಲಸ ಎಷ್ಟಾಯ್ತು?

ಮಗಳು: ಆಗ್ಲಿಲ್ಲ. ಒಂದು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸರಿ ಮಾಡ್ಲಿಕ್ಕುಂಟು. ಬೆಳಿಗ್ಗೆಯೇ ಫೈಲ್ ತೆರೆದಿಟ್ಟಿದ್ದೇನೆ. ನಾಲ್ಕು ಸಾಲು ಓದುವಷ್ಟರಲ್ಲಿ ಫೋನ್ ಶಬ್ದ ಮಾಡ್ತದೆ. ಅದನ್ನು ನೋಡಿ ಬಂದರೆ ಆ ನಾಲ್ಕು ಸಾಲು ಪುನಃ ಮೊದಲಿಂದ. ಆಮೇಲೆ ಎದ್ದು ಅಂಗಳದ ಅಡಿಕೆ ಒಣಗಿತಾ ಅಂತ ನೋಡಿದೆ. ಬೆಕ್ಕಿಗೆ ಹಾಲು ಹಾಕಿದೆ. ಆಫೀಸಿನಲ್ಲಾದರೆ ಅಕ್ಕಪಕ್ಕ ಜನ ಕೂತಿರ್ತಾರೆ, ನಾಚಿಕೆಗಾದರೂ ಕೈ ಆಡ್ತದೆ. ಇಲ್ಲಿ ಹುಮ್ಮಸ್ಸೇ ಬರುದಿಲ್ಲ ಚಿಕ್ಕಮ್ಮ.

ಚಿಕ್ಕಮ್ಮ: ಹುಮ್ಮಸ್ಸಾ? ಇವತ್ತು ಬೀಡಿ ಕಟ್ಟಬೇಕು ಅಂತ ನಂಗೆ ಹುಮ್ಮಸ್ಸು ಬಂದ ಒಂದೇ ಒಂದು ದಿನ ಇಲ್ಲ ಮಾರಾಯ್ತಿ.

ಮಗಳು: ಮತ್ತೆ ಹೇಗೆ ದಿನಾ ಕೂರ್ತಿದ್ದಿರಿ?

ಚಿಕ್ಕಮ್ಮ: ಎಲೆ ನೆನೆಹಾಕಿ ಆಗಿರ್ತಿತ್ತಲ್ಲ.

ಮಗಳು: ಅಂದರೆ?

ಚಿಕ್ಕಮ್ಮ: ಬೀಡಿ ಕಂಪನಿಯ ಬ್ರಾಂಚಿನಿಂದ ತರುವಾಗ ಎಲೆ ಒಣಗಿದ್ದು. ಹಾಗೇ ಮಡಚಿದರೆ ಪುಡಿ ಪುಡಿ. ಅದನ್ನು ನೀರಿನಲ್ಲಿ ನೆನೆಸಿ ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿ ಇಡುದು. ರಾತ್ರಿ ಊಟ ಆದ ಮೇಲೆ ತಗಡಿನ ಅಚ್ಚು ಇಟ್ಟು ಒಂದೊಂದೇ ಎಲೆ ಕತ್ತರಿಸುದು. ನರ ದಪ್ಪ ಇದ್ದರೆ ಕೆರೆದು ತೆಗೆಯುದು. ಅಟ್ಟಿ ಮಾಡಿ, ಒದ್ದೆ ಬಟ್ಟೆ ಮುಚ್ಚಿ ಮಲಗುದು. ಬೆಳಿಗ್ಗೆ ಎದ್ದು ಇವತ್ತು ಎಂತ ಮಾಡುವ, ಎಲ್ಲಿಂದ ಶುರು ಮಾಡುವ ಅಂತ ಯೋಚನೆ ಮಾಡ್ಲಿಕ್ಕೇ ಇಲ್ಲ. ಕತ್ತರಿಸಿದ ಎಲೆ ಇಟ್ಟಷ್ಟೂ ಸುರುಟಿಕೊಳ್ತದೆ. ನಿನಗೆ ಮನಸ್ಸು ಉಂಟಾ ಇಲ್ವಾ ಅಂತ ಎಲೆ ಕೇಳುದಿಲ್ಲ.

ಮಗಳು: ಇದನ್ನೇ ಪೀಟರ್ ಗಾಲ್‌ವಿಟ್ಜರ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞ 1999ರಲ್ಲಿ ದೊಡ್ಡ ಲೇಖನ ಮಾಡಿ ಬರೆದಿದ್ದಾರೆ. ನಾಳೆಯಿಂದ ಚೆನ್ನಾಗಿ ಕೆಲಸ ಮಾಡ್ತೇನೆ ಅಂತ ನಿಶ್ಚಯ ಮಾಡಿದರೆ ಅದು ಅಲ್ಲಿಗೇ ನಿಲ್ತದಂತೆ. ಇಷ್ಟು ಹೊತ್ತಿಗೆ, ಇಂಥ ಜಾಗದಲ್ಲಿ, ಇಂಥದ್ದು ಆದ ಕೂಡಲೇ ಇದನ್ನು ಹಿಡಿಯುತ್ತೇನೆ ಅಂತ ಮೊದಲೇ ಕಟ್ಟಿಟ್ಟುಕೊಂಡವರ ಕೆಲಸ ಹೆಚ್ಚು ಸಾಗ್ತದೆ ಅಂತ.

ಚಿಕ್ಕಮ್ಮ: ಇದಕ್ಕೆಲ್ಲ ಲೇಖನ ಬೇಕಾಯ್ತಾ? ನೀನು ನಿನ್ನೆ ರಾತ್ರಿ ಎಂತ ನೆನೆಹಾಕಿ ಮಲಗಿದೆ, ಅದನ್ನು ಹೇಳು.

ಮಗಳು: ಎಂತದೂ ಇಲ್ಲ. ಹನ್ನೊಂದಕ್ಕೆ ಮೀಟಿಂಗ್ ಮುಗಿಯಿತು, ಮುಚ್ಚಿ ಮಲಗಿದೆ. ನಮ್ಮಲ್ಲೂ ಒಂದು ಉಪಾಯ ಉಂಟು, ಮಾಡುದಿಲ್ಲ ಅಷ್ಟೇ. ರಾತ್ರಿ ಏಳುವ ಮೊದಲು ಒಂದು ಟೆಸ್ಟ್ ಬರೆದು, ಅದು ಬೇಕೆಂದೇ ಫೇಲಾಗುವ ಹಾಗೆ ಬಿಟ್ಟು ಹೋಗುದು. ಬೆಳಿಗ್ಗೆ ತೆರೆದ ಕೂಡಲೇ ಅಲ್ಲೊಂದು ಕೆಂಪು ಸಾಲು ಕಾಣ್ತದೆ. ಅದನ್ನು ಹಸಿರು ಮಾಡಿದರೆ ಶುರು ಆಯ್ತು. ಮುಂದಿನದ್ದು ತನ್ನಷ್ಟಕ್ಕೆ ಬರ್ತದೆ.

ಚಿಕ್ಕಮ್ಮ: ಹಾಗಾದರೆ ಅದೇ ನಿನ್ನ ಎಲೆ.

ಮಗಳು: ಶುರು ಮಾಡುದೇನೋ ಆಯ್ತು. ಕೂತಲ್ಲೇ ಕೂರುದು? ನೀವು ಹೇಗೆ ಅಷ್ಟು ಹೊತ್ತು ಕೂರ್ತಿದ್ದಿರಿ?

ಚಿಕ್ಕಮ್ಮ: ಏಳ್ಲಿಕ್ಕೆ ಬಿಡಬೇಕಲ್ಲ! ಕಾಲು ನೀಡಿ ಕೂತು ಮಡಿಲಲ್ಲಿ ಗೆರಸೆ ಇಟ್ಟುಕೊಂಡರೆ ಅದರ ಒಂದು ಕಡೆ ಎಲೆ, ಒಂದು ಕಡೆ ತಂಬಾಕಿನ ಹುಡಿ, ಮಧ್ಯದಲ್ಲಿ ಕಟ್ಟಿದ ಬೀಡಿ. ಎದ್ದರೆ ಹುಡಿ ಚೆಲ್ತದೆ, ಬೀಡಿ ಕಲಸಿ ಹೋಗ್ತದೆ. ಗಾಳಿ ಬಂದರೆ ಹುಡಿ ಹಾರ್ತದೆ ಅಂತ ಫ್ಯಾನು ಕೂಡ ಹಾಕ್ತಿರ್ಲಿಲ್ಲ. ಚೆಲ್ಲಿದ ಹುಡಿಗೆ ಕಂಪನಿ ಲೆಕ್ಕ ಕೊಡುದಿಲ್ಲ, ಕಡಿಮೆ ಬಿದ್ದರೆ ನಾವೇ ಭರ್ತಿ ಮಾಡಬೇಕು. ಬಾಗಿಲಿಗೆ ಯಾರಾದರೂ ಬಂದರೂ ಕೂತಲ್ಲಿಂದಲೇ ‘ಬನ್ನಿ’ ಅಂತ ಹೇಳುದು. ಬಂದವರಿಗೂ ಗೊತ್ತು, ಬೇಸರ ಮಾಡಿಕೊಳ್ತಿರ್ಲಿಲ್ಲ.

ಮಗಳು: ಮತ್ತೆ ಏಳುದು ಯಾವಾಗ?

ಚಿಕ್ಕಮ್ಮ: ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಅಷ್ಟಾದಾಗ ನೂಲು ಸುತ್ತಿ ಪಕ್ಕಕ್ಕಿಟ್ಟು ಬೆನ್ನು ನೆಟ್ಟಗೆ ಮಾಡುದು, ಎಲೆಅಡಿಕೆ ಹಾಕುದು, ಒಂದು ಗುಟುಕು ನೀರು ಕುಡಿಯುದು. ನಲವತ್ತು ಕಟ್ಟಾದರೆ ಸಾವಿರ.

ಮಗಳು: ನೋಡಿ, ಇದು ತಮಾಷೆ. ಇಟಲಿಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಅಂತ ಒಬ್ಬ, 1980ರ ದಶಕದ ಕೊನೆಗೆ ಕಾಲೇಜಿನಲ್ಲಿದ್ದಾಗ ಓದ್ಲಿಕ್ಕೆ ಮನಸ್ಸು ನಿಲ್ಲುದಿಲ್ಲ ಅಂತ ಅಡುಗೆಮನೆಯ ಟೈಮರ್ ಎದುರಿಗಿಟ್ಟುಕೊಂಡು ಕೂತ. ಅದು ಟೊಮೆಟೊ ಆಕಾರದ್ದು. ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡು. ಈಗ ಪ್ರಪಂಚದಲ್ಲೆಲ್ಲ ಅದಕ್ಕೆ ಪೊಮೊಡೋರೊ ಅಂತ ಹೆಸರು. ನನ್ನ ಫೋನಿನಲ್ಲೂ ಉಂಟು. ನಿಮ್ಮದೂ ಇಪ್ಪತ್ತೈದೇ.

ಚಿಕ್ಕಮ್ಮ: ಅದು ನಿಮಿಷ, ನಮ್ಮದು ಬೀಡಿ. ಇಪ್ಪತ್ತೈದು ನಿಮಿಷ ಸುಮ್ಮನೆ ಕೂತರೂ ಗಂಟೆ ಹೊಡೀತದೆ. ಸುಮ್ಮನೆ ಕೂತರೆ ಕಟ್ಟು ಆಗುದಿಲ್ಲ.

ಮಗಳು: ಅದು ಸರಿ. ಆದರೆ ನಿಮ್ಮ ಕೆಲಸಕ್ಕೂ ನನ್ನದಕ್ಕೂ ವ್ಯತ್ಯಾಸ ಉಂಟು, ಅದನ್ನು ಬಿಟ್ಟು ಮಾತಾಡಿದರೆ ಆಗುದಿಲ್ಲ. ನಿಮ್ಮ ಕೈಗೆ ಕೆಲಸ, ತಲೆ ಖಾಲಿ. ಕಟ್ಟಿ ಕಟ್ಟಿ ಅಭ್ಯಾಸವಾದ ಮೇಲೆ ಕಣ್ಣು ಕೂಡ ಬೇಡ. ಮಂಗಳೂರು ಆಕಾಶವಾಣಿಯ ತಾಳಮದ್ದಳೆ ಕೇಳಿಕೊಂಡೇ ನೀವು ದಿನದ ಸಾವಿರ ಮುಗಿಸ್ತಿದ್ದಿರಿ ಅಂತ ಅಮ್ಮ ಹೇಳ್ತಾಳೆ.

ಚಿಕ್ಕಮ್ಮ: ಹೌದು. ಶೇಣಿಯವರ ಅರ್ಥಗಾರಿಕೆ ಇದ್ದರೆ ಕೈ ಇನ್ನೂ ಬೇಗ ಹೋಗ್ತಿತ್ತು.

ಮಗಳು: ಕಣ್ಣೂರಿನಲ್ಲಿ ಅದನ್ನೇ ಒಂದು ಪದ್ಧತಿ ಮಾಡಿದ್ದರು. 1966ರ ಬೀಡಿ ಕಾಯ್ದೆಯನ್ನು ಕೇರಳದಲ್ಲಿ ಜಾರಿ ಮಾಡ್ಲಿಕ್ಕೆ ಹೊರಟಾಗ ಕಂಪನಿಗಳು ಅಲ್ಲಿನ ಕೆಲಸ ನಿಲ್ಲಿಸಿ ಹೋದವು. ಕೆಲಸ ಕಳಕೊಂಡವರೇ ಸೇರಿ 1969ರಲ್ಲಿ ಕಟ್ಟಿದ ಸಹಕಾರ ಸಂಘ ದಿನೇಶ್ ಬೀಡಿ. ಅಲ್ಲಿ ಒಬ್ಬ ಪೇಪರು, ಕಾದಂಬರಿ ಗಟ್ಟಿಯಾಗಿ ಓದುದು, ಉಳಿದವರು ಕಟ್ಟುದು. ಓದುವವನ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿಕೊಡುದು. ನಾನು ಹಾಗೆ ಕಾದಂಬರಿ ಕೇಳ್ತಾ ಕೋಡ್ ಬರೆದರೆ ಎರಡೂ ಹಾಳು. ಸೋಫಿ ಲೆರಾಯ್ ಅಂತ ಒಬ್ಬರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿದರೆ ಮನಸ್ಸಿನ ಒಂದು ಪಾಲು ಹಿಂದಿನದ್ದರಲ್ಲೇ ಉಳೀತದೆ, ಹೊಸ ಕೆಲಸಕ್ಕೆ ಪೂರ್ತಿ ಸಿಗುದಿಲ್ಲ ಅಂತ. ನನಗೆ ಫೋನ್ ಶಬ್ದ ಮಾಡಿದ ಮೇಲೆ ಆ ನಾಲ್ಕು ಸಾಲು ಮೊದಲಿಂದ ಓದಬೇಕಾಗುದು ಅದಕ್ಕೇ.

ಚಿಕ್ಕಮ್ಮ: ಫೋನನ್ನು ಅಟ್ಟದಲ್ಲಿಡು.

ಮಗಳು: ಫೋನ್ ಇಡಬಹುದು. ಕಂಪನಿಯವರು ಮೆಸೇಜು ಕಳಿಸುದು ಲ್ಯಾಪ್‌ಟಾಪಿಗೇ. ನನ್ನ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಉಂಟು. ಸ್ವಲ್ಪ ಹೊತ್ತು ಕೀಲಿ ಒತ್ತದಿದ್ದರೆ ಅದು ಹಳದಿ ಆಗ್ತದೆ. ಹಳದಿ ಆದರೆ ಇವಳು ಎಲ್ಲಿ ಹೋದಳು ಅಂತ.

ಚಿಕ್ಕಮ್ಮ: ಯೋಚನೆ ಮಾಡ್ತಾ ಕೂತಿದ್ದರೆ?

ಮಗಳು: ಆಗಲೂ ಹಳದಿಯೇ. ಅದಕ್ಕಾಗಿ ಮೌಸನ್ನು ತನ್ನಷ್ಟಕ್ಕೆ ಅಲುಗಾಡಿಸುವ ಸಣ್ಣ ಯಂತ್ರ ಮಾರಾಟಕ್ಕೆ ಬಂದಿದೆ. 2024ರಲ್ಲಿ ಅಮೆರಿಕದ ಒಂದು ದೊಡ್ಡ ಬ್ಯಾಂಕು, ಕೀಬೋರ್ಡು ಒತ್ತಿದ ಹಾಗೆ ನಾಟಕ ಮಾಡಿದ್ದಾರೆ ಅಂತ ಹನ್ನೆರಡಕ್ಕಿಂತ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು.

ಚಿಕ್ಕಮ್ಮ: ನಮ್ಮ ಬ್ರಾಂಚಿನಲ್ಲಿ ಚೆಕ್ಕರ್ ಇದ್ದ. ಕಟ್ಟು ಬಿಚ್ಚಿ ಒಂದು ಹಿಡಿ ತೆಗೆದು ನೋಡುದು, ಸಡಿಲ ಇದ್ದರೆ, ಉದ್ದ ಹೆಚ್ಚುಕಮ್ಮಿ ಇದ್ದರೆ ಮುರಿದು ಬಿಸಾಡುದು. ಮುರಿದದ್ದಕ್ಕೆ ಮಜೂರಿ ಇಲ್ಲ. ಎಷ್ಟು ಕಣ್ಣೀರು ಹಾಕಿದ್ದೇವೆ ಅವನ ಮೇಜಿನ ಮುಂದೆ. ಆದರೆ ಒಂದು ಮಾತು ಹೇಳ್ತೇನೆ, ಅವನು ನೋಡ್ತಿದ್ದದ್ದು ಬೀಡಿಯನ್ನು. ನಾನು ಅದನ್ನು ಬೆಳಗಿನ ಜಾವ ಕಟ್ಟಿದೆನಾ, ಮಗುವಿಗೆ ಹಾಲು ಕೊಡ್ತಾ ಕಟ್ಟಿದೆನಾ ಅಂತ ಅವನಿಗೆ ಬೇಕಾಗಿರ್ಲಿಲ್ಲ.

ಮಗಳು: ಅದೇ ಮಾತಿನ ಮೇಲೆ ನಿಮಗೆ ಪಿ.ಎಫ್. ಸಿಕ್ಕಿದ್ದು, ಗೊತ್ತುಂಟಾ? ನಿಮ್ಮ ಕಾಗದ ಮಾಡಿಸುವಾಗ ಓದಿದೆ. ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರೇ ಅಲ್ಲ, ಅವರ ಮೇಲೆ ನಮ್ಮ ಹತೋಟಿ ಇಲ್ಲ ಅಂತ ಮಾಲೀಕರ ವಾದ. ಕಟ್ಟಿ ತಂದದ್ದನ್ನು ತಿರಸ್ಕರಿಸುವ ಹಕ್ಕು ನಿಮ್ಮ ಕೈಯಲ್ಲಿದೆಯಲ್ಲ, ಅದೇ ಹತೋಟಿ, ಅಷ್ಟು ಸಾಕು ಅಂತ 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಚಿಕ್ಕಮ್ಮ: ಯೂನಿಯನ್ನಿನವರು ಹೇಳ್ತಿದ್ದರು. ಚೆಕ್ಕರಿನಿಂದ ಆದ ಉಪಕಾರ ಅದೊಂದೇ ಇರಬೇಕು. ನಿನ್ನ ಕಂಪನಿಗೆ ಅಷ್ಟು ಸಾಲದಾ? ವಾರಕ್ಕೆ ಇಷ್ಟು ಕೆಲಸ ಅಂತ ಹೇಳಲಿ, ತಂದು ಕೊಡು, ಸರಿ ಇಲ್ಲದಿದ್ದರೆ ವಾಪಸು ಕಳಿಸಲಿ. ಚುಕ್ಕೆ ಯಾಕೆ ನೋಡ್ತಾ ಕೂರುದು?

ಮಗಳು: ಕೆಲಸವನ್ನು ಅಳೀಲಿಕ್ಕೆ ಬರದವರು ಹಾಜರಿಯನ್ನು ಅಳೀತಾರೆ ಚಿಕ್ಕಮ್ಮ. ಒಂದು ತಪ್ಪು ಹುಡುಕಲಿಕ್ಕೆ ಹತ್ತು ನಿಮಿಷವೂ ಆಗಬಹುದು, ಎರಡು ದಿನವೂ ಆಗಬಹುದು. ಕೊನೆಗೆ ಬದಲಾಗುದು ಒಂದು ಸಾಲು. ಅದನ್ನು ಯಾವ ಕಟ್ಟಿನಲ್ಲಿ ಲೆಕ್ಕ ಹಾಕುದು? ಆದರೂ ನಮ್ಮ ಮ್ಯಾನೇಜರ ಹತ್ತಿರ ಒಮ್ಮೆ ಕೇಳಿ ನೋಡಬಹುದು. ಹತ್ತರಿಂದ ಹನ್ನೆರಡೂವರೆ ತನಕ ಮೆಸೇಜಿಗೆ ಉತ್ತರ ಕೊಡುದಿಲ್ಲ, ಆ ಹೊತ್ತಿನ ಕೆಲಸ ಮಧ್ಯಾಹ್ನ ತೋರಿಸ್ತೇನೆ ಅಂತ.

ಚಿಕ್ಕಮ್ಮ: ಕೇಳದೆ ಇದ್ದರೆ ಹೇಗೂ ಸಿಗುದಿಲ್ಲ.

ಮಗಳು: ಮನೆಯಲ್ಲಿ ಕೂತರೆ ಕೆಲಸ ಸಾಗ್ತದಾ ಅಂತ ಚೀನಾದಲ್ಲಿ ಒಂದು ಕಂಪನಿ ಪ್ರಯೋಗ ಮಾಡಿಯೇ ನೋಡಿದೆ. ಶಾಂಘಾಯಿಯ ಸಿಟ್ರಿಪ್, ಟಿಕೆಟು ಹೋಟೆಲು ಬುಕ್ ಮಾಡಿಕೊಡುವ ಕಂಪನಿ. 2010ರ ಕೊನೆಗೆ ಶುರು, ಒಂಬತ್ತು ತಿಂಗಳು. ಕಾಲ್ ಸೆಂಟರಿನವರಲ್ಲಿ ಒಪ್ಪಿದವರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಕೆಲಸ ಕೊಟ್ಟರು. ಮನೆಯವರ ಕೆಲಸ ಶೇಕಡಾ 13 ಹೆಚ್ಚಾಯ್ತು. ನಿಕೊಲಸ್ ಬ್ಲೂಮ್ ಅಂತ ಅರ್ಥಶಾಸ್ತ್ರಜ್ಞರು ತಮ್ಮ ಜೊತೆಯವರ ಸಂಗಡ ಅದನ್ನು ಬರೆದರು. ಕೆಲಸ ಬಿಟ್ಟು ಹೋಗುವವರೂ ಅರ್ಧಕ್ಕರ್ಧ ಕಡಿಮೆಯಾದರಂತೆ.

ಚಿಕ್ಕಮ್ಮ: ಅವರ ಮನೆಯಲ್ಲಿ ಯಾರೂ ಇರ್ಲಿಲ್ವಾ?

ಮಗಳು: ಅಲ್ಲೇ ಇರುದು. ಮನೆಯಲ್ಲಿ ಬೇರೆ ಕೋಣೆ ಇರಬೇಕು, ಇಂಟರ್ನೆಟ್ ಇರಬೇಕು, ಕಂಪನಿಯಲ್ಲಿ ಆರು ತಿಂಗಳು ಆಗಿರಬೇಕು. ಅಂಥವರನ್ನೇ ಸೇರಿಸಿದ್ದು.

ಚಿಕ್ಕಮ್ಮ: ಕೋಣೆ ಇದ್ದವರನ್ನೇ ಆರಿಸಿ ಮತ್ತೆ ಎಂತದ್ದು ಪರೀಕ್ಷೆ!

ಮಗಳು: ಇನ್ನೂ ಉಂಟು. ಒಂಬತ್ತು ತಿಂಗಳು ಕಳೆದು, ನಿಮಗೆ ಬೇಕಾದ ಹಾಗೆ ಮಾಡಿ ಅಂತ ಬಿಟ್ಟಾಗ ಮನೆಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ಆಫೀಸಿಗೆ ವಾಪಸು ಬಂದರು. ದೊಡ್ಡ ಕಾರಣ ಒಂಟಿತನ. ಅದೇ ಕಂಪನಿ ಆಮೇಲೆ 1,612 ಜನರ ಮೇಲೆ ಇನ್ನೊಂದು ಪ್ರಯೋಗ ಮಾಡಿತು, ವಾರಕ್ಕೆ ಎರಡೇ ದಿನ ಮನೆ, ಉಳಿದದ್ದು ಆಫೀಸು. 2024ರಲ್ಲಿ ಅದರ ವರದಿ ಬಂತು. ಕೆಲಸದ ಗುಣ ಇಳೀಲಿಲ್ಲ, ಬಡ್ತಿಯಲ್ಲಿ ವ್ಯತ್ಯಾಸ ಇಲ್ಲ, ಬಿಟ್ಟು ಹೋಗುವವರು ಮೂರರಲ್ಲಿ ಒಂದು ಪಾಲು ಕಡಿಮೆ.

ಚಿಕ್ಕಮ್ಮ: ಒಂಟಿ ಕೂತು ಬೀಡಿ ಕಟ್ಟಿದವರು ಯಾರಿದ್ದಾರೆ? ನಾಲ್ಕು ಮನೆಯವರು ಒಂದೇ ಜಗಲಿಯಲ್ಲಿ ಕೂರ್ತಿದ್ದೆವು, ಮಳೆಗಾಲದಲ್ಲಿ ನಮ್ಮಲ್ಲಿ, ಬೇಸಿಗೆಯಲ್ಲಿ ಹಲಸಿನ ಮರದ ಅಡಿಯ ಮನೆಯವರಲ್ಲಿ. ಬಾಯಿ ಸುಮ್ಮನಿರ್ತಿರ್ಲಿಲ್ಲ. ಆದರೆ ಪಕ್ಕದವಳ ಕಟ್ಟು ಏಳಾಗಿ ನನ್ನದು ಐದೇ ಇದ್ದರೆ ನನ್ನ ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಳ್ತಿತ್ತು. ಯಾರಿಗಾದರೂ ಜ್ವರ ಬಂದರೆ ಎಲ್ಲರೂ ಒಂದೊಂದು ಕಟ್ಟು ಅವಳ ಲೆಕ್ಕಕ್ಕೆ ಹಾಕ್ತಿದ್ದೆವು. ನಿನ್ನ ಕೋಣೆಯಲ್ಲಿ ಅಂಥವರು ಯಾರಿದ್ದಾರೆ?

ಮಗಳು: ಯಾರೂ ಇಲ್ಲ. ಹಾಸನದಲ್ಲಿ ಒಬ್ಬಳು ಗೆಳತಿ ಇದ್ದಾಳೆ, ನನ್ನ ಹಾಗೆಯೇ ಮನೆಯಿಂದ ಕೆಲಸ. ಕೆಲವೊಮ್ಮೆ ಇಬ್ಬರೂ ವೀಡಿಯೊ ಹಾಕಿ, ಮಾತು ಬಂದ್ ಮಾಡಿ, ಅವರವರ ಕೆಲಸ ಮಾಡುದು. ಶುರುವಿಗೆ ಇಬ್ಬರೂ ಹೇಳುದು, ಇವತ್ತು ಇದನ್ನು ಮುಗಿಸ್ತೇನೆ ಅಂತ. ಕೊನೆಗೆ ಮುಗೀತಾ ಇಲ್ವಾ ಅಂತ ಹೇಳುದು. ಹುಚ್ಚು ಅನ್ನಿಸಬಹುದು, ಆದರೆ ಆ ದಿನ ನಾನು ಬೆಕ್ಕಿಗೆ ಹಾಲು ಹಾಕ್ಲಿಕ್ಕೆ ಏಳುದಿಲ್ಲ.

ಚಿಕ್ಕಮ್ಮ: ಅದರಲ್ಲಿ ಹುಚ್ಚೆಂತ? ಜಗಲಿ ಉದ್ದ ಆಯ್ತು, ಹಾಸನದವರೆಗೆ. ದಿನಾ ಮಾಡು.

ಮಗಳು: ಮಾಡಬೇಕು. ಈಗ ನಾನೊಂದು ಹೇಳ್ತೇನೆ, ನೀವು ಬೇಸರ ಮಾಡಿಕೊಳ್ಳಬಾರದು. ಬೆಳಿಗ್ಗೆಯಿಂದ ನನ್ನನ್ನು ಎಬ್ಬಿಸಿದ್ದು ಫೋನ್ ಮಾತ್ರ ಅಲ್ಲ. ತೆಂಗಿನಕಾಯಿ ತುರಿ ಅಂತ ನೀವು ಕರೆದಿರಿ. ಚಿಕ್ಕಪ್ಪನ ಗುಳಿಗೆ ಕೊಡು ಅಂತ ಕರೆದಿರಿ. ಗ್ಯಾಸಿನವನು ಬಂದ, ನೋಡು ಅಂತ ಕರೆದಿರಿ.

ಚಿಕ್ಕಮ್ಮ: ಮನೆಯಲ್ಲಿದ್ದಿಯಲ್ಲ, ಅದಕ್ಕೆ ಕರೆದೆ.

ಮಗಳು: 2020ರಲ್ಲಿ ಲಾಕ್‌ಡೌನ್ ಆದಾಗ ಅಣ್ಣನೂ ಇದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ್ದಲ್ವಾ? ಅವನನ್ನು ತೆಂಗಿನಕಾಯಿ ತುರೀಲಿಕ್ಕೆ ಕರೆದಿದ್ದಿರಾ?

ಚಿಕ್ಕಮ್ಮ: ಇಲ್ಲ.

ಮಗಳು: ಚಾ ಎಲ್ಲಿಗೆ ಬರ್ತಿತ್ತು?

ಚಿಕ್ಕಮ್ಮ: ಕೋಣೆಗೇ ಕೊಡ್ತಿದ್ದೆ. ಬಾಗಿಲು ಮೆಲ್ಲ ದೂಡಿ ಇಟ್ಟು ಬರ್ತಿದ್ದೆ, ಶಬ್ದ ಆಗದ ಹಾಗೆ.

ಮಗಳು: ಸರಕಾರ ಜನರ ಸಮಯದ ಬಳಕೆಯ ಸಮೀಕ್ಷೆ ಮಾಡ್ತದೆ. 2019ರಲ್ಲಿ ಸಂಬಳ ಇಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದನ್ನು ಮಾಡ್ತಿದ್ದರು, ಗಂಡಸರು 97. 2024ಕ್ಕೆ ಅದು 289 ಮತ್ತು 88. ಇಬ್ಬರದ್ದೂ ಹತ್ತು ನಿಮಿಷದ ಆಸುಪಾಸು ಇಳಿಯಿತು, ಮಧ್ಯದ ಅಂತರ ಹಾಗೇ ಉಂಟು. ಮನೆಯಿಂದ ಕೆಲಸ ಮಾಡುವಾಗ ಮನಸ್ಸು ನಿಲ್ಲಿಸುದು ಹೇಗೆ ಅಂತ ಬುದ್ಧಿ ಹೇಳುವವರೆಲ್ಲ ಮೇಜು ಸ್ವಚ್ಛ ಇಡಿ, ಕಿಟಕಿ ಹತ್ತಿರ ಕೂತುಕೊಳ್ಳಿ ಅಂತಾರೆ. ತೆಂಗಿನಕಾಯಿ ತುರಿಯುದು ಯಾರು ಅಂತ ಒಬ್ಬರೂ ಹೇಳುದಿಲ್ಲ.

ಚಿಕ್ಕಮ್ಮ: ನಮ್ಮದೂ ಹಾಗೆಯೇ ಇತ್ತು. ಬೀಡಿ ಅಂದರೆ ಹೆಂಗಸರು ಮನೆಗೆಲಸದ ಎಡೆಯಲ್ಲಿ ಮಾಡುದು, ಮೇಲುಖರ್ಚಿಗೆ ಆಯ್ತು ಅಂತ ಕಂಪನಿಯವರೂ ಹೇಳ್ತಿದ್ದರು, ಮನೆಯ ಗಂಡಸರೂ ಹೇಳ್ತಿದ್ದರು. ಹಾಗೆ ಹೇಳಿದರೆ ಮಜೂರಿ ಕಡಿಮೆ ಕೊಡಬಹುದಲ್ಲ. ಅಂಗಡಿಯ ಅಕ್ಕಿ, ನಿಮ್ಮ ಶಾಲೆಯ ಫೀಸು ಹೋಗ್ತಿದ್ದದ್ದು ಅದರಿಂದಲೇ. ಆದರೆ ಗೆರಸೆ ಮಡಿಲಲ್ಲಿ ಇದ್ದಾಗ ಮಾತ್ರ ಯಾರೂ ಕರೀತಿರ್ಲಿಲ್ಲ. ಕಣ್ಣಿಗೆ ಕಾಣ್ತದಲ್ಲ. ನಿನ್ನದು ಕಾಣುದಿಲ್ಲ. ಲ್ಯಾಪ್‌ಟಾಪಿನಲ್ಲಿ ಸಿನೆಮಾ ನೋಡುವಾಗಲೂ ಹಾಗೇ ಕೂರ್ತೀ, ಕೆಲಸ ಮಾಡುವಾಗಲೂ ಹಾಗೇ ಕೂರ್ತೀ.

ಮಗಳು: ಹಾಗಾದರೆ ಕಾಣುವ ಹಾಗೆ ಮಾಡುವ. ಸಿನೆಮಾ ಇನ್ನು ಚಾವಡಿಯಲ್ಲಿ, ಫೋನಿನಲ್ಲಿ. ಕೋಣೆಯ ಮೇಜಿನಲ್ಲಿ ಕೆಲಸ ಮಾತ್ರ. ಬಾಗಿಲು ಹಾಕಿದ್ದರೆ ನಾನು ಮನೆಯಲ್ಲಿಲ್ಲ ಅಂತಲೇ ಲೆಕ್ಕ. ಗ್ಯಾಸಿನವನಿಗೆ ಚಿಕ್ಕಪ್ಪ ಏಳಲಿ.

ಚಿಕ್ಕಮ್ಮ: ಅವರಿಗೆ ಮಂಡಿ ನೋವು.

ಮಗಳು: ಪೇಟೆಗೆ ಹೋಗ್ಲಿಕ್ಕೆ ಆಗ್ತದೆ, ಗೇಟಿಗೆ ಹೋಗ್ಲಿಕ್ಕೆ ಆಗುದಿಲ್ವಾ?

ಚಿಕ್ಕಮ್ಮ: ಸರಿ, ಹೇಳ್ತೇನೆ. ನೀನೇ ಹೇಳಿದರೆ ಇನ್ನೂ ಒಳ್ಳೆಯದು.

ಮಗಳು: ಒಂದು ಮಾತು ಉಳಿಯಿತು. ಹುಮ್ಮಸ್ಸು ಇರ್ಲಿಲ್ಲ ಅಂದಿರಿ. ಮತ್ತೆ ಯಾವುದಕ್ಕಾಗಿ ಅಷ್ಟು ವರ್ಷ?

ಚಿಕ್ಕಮ್ಮ: ಅಮ್ಮ ಹೇಳಲಿಲ್ವಾ ನಿನಗೆ? ನಿನ್ನ ಸ್ಕಾಲರ್‌ಶಿಪ್ಪು ಬಂದದ್ದು ಬೀಡಿ ಕಾರ್ಮಿಕರ ಮಕ್ಕಳು ಅಂತ. ಆ ಅರ್ಜಿಗೆ ಬ್ರಾಂಚಿನವರ ಸಹಿ ತರ್ಲಿಕ್ಕೆ ನಾನೂ ಅವಳೂ ಎಷ್ಟು ಅಲೆದಿದ್ದೇವೆ. ಮತ್ತೆ ಮಜೂರಿ ನನ್ನ ಕೈಗೇ ಬರ್ತಿತ್ತು. ಅದರಲ್ಲಿ ಒಂದು ನೋಟು ಡಬ್ಬಿಗೆ ಹಾಕಿದರೆ ಯಾರನ್ನೂ ಕೇಳ್ಲಿಕ್ಕಿಲ್ಲ. ಅದು ಬಿಟ್ಟು ಬೀಡಿಯಲ್ಲಿ ಖುಷಿ ಎಂತದ್ದು? ಸೊಂಟ ಹೋಯ್ತು, ಹುಡಿಯ ಕೆಮ್ಮು ಈಗಲೂ ಬಿಡಲಿಲ್ಲ. ನಿನ್ನ ಅಮ್ಮ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದೂ ಬೀಡಿಗೇ. ನೀನು ಬೀಡಿ ಕಟ್ಟಿದವರನ್ನು ನೋಡಿ ಕಲೀತೇನೆ ಅಂತ ಹೊರಟರೆ ಅದನ್ನೂ ಸೇರಿಸಿಯೇ ನೋಡು.

ಮಗಳು: ನೋಡ್ತೇನೆ. ನನಗೆ ಸಂಬಳ ಒಳ್ಳೆಯದೇ ಬರ್ತದೆ, ಅದಕ್ಕೆ ಕೊರತೆ ಇಲ್ಲ. ಆದರೆ ನಾನು ಸರಿ ಮಾಡುವ ಪ್ರೋಗ್ರಾಮು ಅಮೆರಿಕದ ಆಸ್ಪತ್ರೆಗಳ ಬಿಲ್ಲಿನದ್ದು. ಬಿಲ್ಲು ಯಾರಿಗೆ ಹೋಯ್ತು, ಸರಿಯಾಗಿ ಹೋಯ್ತಾ, ಒಂದೂ ನಂಗೆ ಕಾಣುದಿಲ್ಲ.

ಚಿಕ್ಕಮ್ಮ: ನಾನು ಕಟ್ಟಿದ ಬೀಡಿಯನ್ನು ಯಾರು ಎಳೆದರು ಅಂತ ನನಗೂ ಗೊತ್ತಿಲ್ಲ. ಗೊತ್ತಾಗದ್ದೇ ಒಳ್ಳೆಯದಾಯ್ತು. ನಿನ್ನದನ್ನು ಕೇಳಿ ತಿಳ್ಕೊಳ್ಳಬಹುದಲ್ಲ? ನೀನು ಸರಿ ಮಾಡಿದ್ದರಿಂದ ಯಾರಿಗಾದರೂ ಉಪಕಾರ ಆಯ್ತಾ ಅಂತ?

ಮಗಳು: ಕೇಳಬಹುದು. ದೂರು ಬರೆದವರ ಪತ್ರಗಳು ಕಂಪನಿಯಲ್ಲೇ ಇರ್ತವೆ, ನಾವು ತೆರೆದು ನೋಡುದಿಲ್ಲ.

ಚಿಕ್ಕಮ್ಮ: ತೆರೆದು ನೋಡು. ಆಮೇಲೆ ಇನ್ನೊಂದು ನಂಗೆ ಅರ್ಥ ಆಗದ್ದು. ನಿನ್ನ ಕೆಲಸ ಮುಗಿಯುದು ಯಾವಾಗ?

ಮಗಳು: ಅದಕ್ಕೆ ಹೊತ್ತು ಇಲ್ಲ. ಸಂಜೆ ಮುಗೀತು ಅಂತ ಮುಚ್ಚಿದರೆ ಒಂಬತ್ತೂವರೆಗೆ ಅಮೆರಿಕದವರ ಮೀಟಿಂಗ್. ಊಟದ ನಡುವೆ ಮೇಲ್. ಹಗಲು ಮಾಡದ್ದನ್ನು ರಾತ್ರಿ ಮಾಡಿದರಾಯ್ತು ಅಂತ ಹಗಲು ಸಡಿಲ ಬಿಡುದು, ರಾತ್ರಿ ನಿದ್ದೆ ಕೆಟ್ಟದ್ದಕ್ಕೆ ಮರುದಿನ ಹಗಲು ಪುನಃ ಸಡಿಲ. ಹೀಗೇ ಸುತ್ತುದು.

ಚಿಕ್ಕಮ್ಮ: ನಮಗೆ ಬ್ರಾಂಚು ಇತ್ತು. ಹೊತ್ತಿಗೆ ಸರಿಯಾಗಿ ಬೀಡಿ ಕೊಂಡುಹೋಗಿ ಕೊಟ್ಟರೆ ಆಯ್ತು, ತಪ್ಪಿದರೆ ಬಾಗಿಲು ಹಾಕ್ತಾರೆ. ಸೀರೆ ಬದಲಿಸಿ, ತಲೆ ಬಾಚಿ, ಚೀಲ ಹಿಡಿದು ಗುಡ್ಡೆ ಇಳಿದು ಹೋಗುದು. ಅಲ್ಲಿ ಹತ್ತು ಊರಿನ ಹೆಂಗಸರು. ಯಾರ ಮಗಳಿಗೆ ಮದುವೆ, ತುಟ್ಟಿಭತ್ಯೆ ಎಷ್ಟು ಏರಿತು, ಯೂನಿಯನ್ನಿನ ಮೀಟಿಂಗು ಯಾವಾಗ, ಎಲ್ಲ ಅಲ್ಲೇ. ವಾಪಸು ಬರುವಾಗ ಕೆಲಸ ತಲೆಯಲ್ಲಿ ಇರ್ತಿರ್ಲಿಲ್ಲ. ಮನೆಯಲ್ಲಿ ಕೆಲಸ ಮಾಡಿದವರು ಅಂತ ನಮ್ಮನ್ನು ಹೇಳ್ತಾರೆ, ಆದರೆ ದಿನಕ್ಕೊಮ್ಮೆ ಮನೆಯಿಂದ ಹೊರಗೆ ಹೋಗದೆ ಆ ಕೆಲಸ ಮುಗೀತಿರ್ಲಿಲ್ಲ.

ಮಗಳು: ನಾನು ಎಲ್ಲಿಗೆ ಹೋಗ್ಲಿ? ಈಗ ಬ್ರಾಂಚೂ ಇಲ್ಲ.

ಚಿಕ್ಕಮ್ಮ: ಹಾಲಿನ ಸೊಸೈಟಿ ಉಂಟಲ್ಲ. ನಾಳೆಯಿಂದ ಸಂಜೆಯ ಹಾಲು ನೀನೇ ಕೊಂಡುಹೋಗು, ಚಿಕ್ಕಪ್ಪ ಬೆಳಿಗ್ಗೆದ್ದು ಕೊಂಡುಹೋಗಲಿ. ಹೋಗುವ ಮೊದಲು ನಾಳೆಯ ಕೆಂಪು ಸಾಲು ಬರೆದಿಟ್ಟು ಅದನ್ನು ಮುಚ್ಚಿ ಹೋಗು. ರಾತ್ರಿಯ ಮೀಟಿಂಗು ಇದ್ದರೆ ಇರಲಿ, ಕೇಳಿ ಎದ್ದು ಬಾ, ಬೇರೆ ಎಂತದೂ ತೆರೆಯಬೇಡ. ಸೊಸೈಟಿಯವರು ಹಾಲಿನ ಫ್ಯಾಟು ನೋಡಿ ಬರಕೊಳ್ತಾರೆ, ಆರು ಗಂಟೆಗೆ ಬಾಗಿಲು ಹಾಕ್ತಾರೆ. ಮೀಟಿಂಗ್ ಇತ್ತು, ತಡ ಆಯ್ತು ಅಂತ ಹೇಳಿದರೆ ಅವರು ಕಾಯುದಿಲ್ಲ.